ಕಾರ್ಬುರೇಟರ್‌ಗೆ ಕಿವಿಗೊಡಿ

ಸ್ಕ್ರೂಡ್ರೈವರ್ ಕೈಗೆ ಸಿಕ್ಕಿತೆಂದರೆ ಕಣ್ಣಿಗೆ ಬಿದ್ದ ತಿರುಪನ್ನೆಲ್ಲ ತಿರುಗಿಸುವ ಮಗನೋ ಮಗಳೋ ನಿಮ್ಮ ಮನೆಯಲ್ಲೂ ಇರಬಹುದು. ಬೈಯಬೇಡಿ. ಎಲ್ಲಿ ಕೈ ತಡೆಯಬೇಕು ಎಂಬುದನ್ನು ಅಂಥವರಿಗೆ ಕಲಿಸಲು ಇಂಗ್ಲೆಂಡಿನ ಎಂ.ಜಿ.ಬಿ. ಕಾರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

1962ರಿಂದ 1980ರವರೆಗೆ ಅಬಿಂಗ್ಡನ್ ಎಂಬ ಊರಿನಲ್ಲಿ ತಯಾರಾದ ಪುಟ್ಟ ಸ್ಪೋರ್ಟ್ಸ್ ಕಾರು ಇದು. ಇದರ 1798 ಸಿ.ಸಿ. ಎಂಜಿನ್ ನಮ್ಮ ಹಳೆಯ ಪೆಟ್ರೋಲ್ ಅಂಬಾಸಿಡರ್‌ನ 1489 ಸಿ.ಸಿ. ಎಂಜಿನ್‌ಗೆ ದಾಯಾದಿ. ಗಾಳಿಗೆ ಪೆಟ್ರೋಲ್ ಬೆರೆಸಲು ಆರಂಭದ ಕಾರುಗಳಲ್ಲಿ ಎರಡು ಎಸ್.ಯು. ಕಾರ್ಬುರೇಟರ್‌ಗಳಿದ್ದವು. ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಅವರದು ಪಾದರಕ್ಷೆ ವ್ಯಾಪಾರದ ಮನೆತನ. ಅವರ ಮೊದಲ ಕಾರ್ಬುರೇಟರ್‌ಗಳಲ್ಲಿ ಇದ್ದದ್ದು ತೊಗಲಿನ ತಿದಿ!

ತಿದಿ ಹೋಗಿ ಪಿಸ್ಟನ್ ಬಂತು. ಎಂಜಿನ್ ಹೆಚ್ಚು ಗಾಳಿ ಎಳೆದುಕೊಂಡಂತೆ ಪಿಸ್ಟನ್ ಮೇಲೇಳುತ್ತದೆ. ಅದರ ತಳದಲ್ಲಿ ಮೊನೆಯತ್ತ ಸಣ್ಣಗಾಗುತ್ತ ಹೋಗುವ ಸೂಜಿಯೊಂದಿದೆ. ಪೆಟ್ರೋಲ್ ಬರುವ ಜೆಟ್‌ನೊಳಗಿಂದ ಸೂಜಿ ಮೇಲೆದ್ದಷ್ಟೂ ಸಂದು ಹಿಗ್ಗಿ, ಹೆಚ್ಚಿದ ಗಾಳಿಗೆ ತಕ್ಕ ಪೆಟ್ರೋಲ್ ಒದಗುತ್ತದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಬರ್ನೌಲಿ ತತ್ವ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಬಿಚ್ಚುವಾಗ ಒಂದೊಂದರ ಭಾಗಗಳಿಗೆ ಒಂದೊಂದು ತಟ್ಟೆ ಇಡಿ. ಪಿಸ್ಟನ್ನೂ ಅದರ ಮೇಲಿನ ಗುಮ್ಮಟವೂ ಜೋಡಿಯಾಗಿ ಹೊಂದಿಸಿದವು, ಅದಲುಬದಲಾಗಬಾರದು. ಉಪ್ಪುಕಾಗದದಿಂದ ಉಜ್ಜಿ ಹೊಳಪು ತರುವ ಆಸೆಯೂ ಬೇಡ. ಸೂಜಿ, ಜೆಟ್ ಹೊಸದು ಹಾಕಿ ಗೆದ್ದೆವೆನ್ನುವವರು ಬಹಳ. ನಾನಂತೂ ಮೊದಲು ಥ್ರಾಟಲ್ ಸ್ಪಿಂಡಲ್ ಅಲ್ಲಾಡಿಸಿ ನೋಡಿ ಎನ್ನುತ್ತೇನೆ. ಅದು ಸವೆದಿದ್ದರೆ ಪಕ್ಕದಿಂದ ಕಳ್ಳಗಾಳಿ ನುಗ್ಗುತ್ತದೆ, ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ಪೆಟ್ರೋಲ್ ಪೈಪುಗಳ ವಿಷಯದಲ್ಲಿ ಜಿಪುಣತನ ಸಲ್ಲ. ಈ ಕಾರಿನಲ್ಲಿ ಕಾರ್ಬುರೇಟರ್‌ಗಳ ಕೆಳಗೇ ಕಾದ ಎಕ್ಸಾಸ್ಟ್ ಕೊಳವೆಗಳಿವೆ, ಸೋರಿದರೆ ಬೆಂಕಿ. 2021ರ ಸೆಪ್ಟೆಂಬರ್‌ನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಈ ಕೆಲಸಕ್ಕೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.

ಇನ್ನು ಟ್ಯೂನಿಂಗ್. ವಾಲ್ವ್, ಪ್ಲಗ್, ಇಗ್ನಿಷನ್ ಮೊದಲೇ ಸರಿಯಿರಬೇಕು, ಎಂಜಿನ್ ಬಿಸಿಯಾಗಿರಬೇಕು. ಎರಡನ್ನೂ ಜೋಡಿಸುವ ಕೊಂಡಿ ಸಡಿಲಿಸಿ, ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬುರೇಟರ್ ಬಾಯಿಗೆ ಹಿಡಿಯಿರಿ. ಎರಡರ ‘ಸುಯ್’ ಸದ್ದೂ ಒಂದೇ ಆಗುವವರೆಗೆ ತಿರುಪು ಹೊಂದಿಸಿ. ಬಳಿಕ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ ಆಲಿಸಿ. ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚು, ಎಂಜಿನ್ ಸೊರಗಿದರೆ ಕಡಿಮೆ, ಕೊಂಚ ಏರಿ ಮತ್ತೆ ಇಳಿದರೆ ಸರಿ. ತಪ್ಪಿದ್ದರೆ ಜೆಟ್ ಕೆಳಗಿನ ಆರು ಮುಖದ ನಟ್ಟನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ, ಮತ್ತೆ ಕೇಳಿ.

ಕೊಂಡಿ ಬಿಗಿಸಿ, ಗುಮ್ಮಟದ ಡ್ಯಾಂಪರಿಗೆ ಒಂದಿಷ್ಟು 20 ಗ್ರೇಡ್ ಎಣ್ಣೆ ಹಾಕಿ. ಅದನ್ನು ಮರೆತರೆ ಆಕ್ಸಿಲರೇಟರ್ ಒತ್ತಿದೊಡನೆ ಕಾರು ಮುಗ್ಗರಿಸುತ್ತದೆ, ನೀವು ಪಾಪದ ಸೂಜಿಯನ್ನು ಮತ್ತೆ ಬಿಚ್ಚಲು ಕೂರುತ್ತೀರಿ.