ಪಲ್ಪರ್ ಸಿಪ್ಪೆಗೂ ಒಂದು ಬೆಲೆ ಬೇಡವೆ?



ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಪಲ್ಪರ್ ಮನೆಯ ಹಿಂದೆ ಏಳುವ ಕೆಂಪು ರಾಶಿಯೂ ಅದರ ಹುಳಿ ವಾಸನೆಯೂ ನಮಗೆಲ್ಲ ಪರಿಚಿತವೇ. ನೂರು ಕೆ.ಜಿ. ಹಣ್ಣು ಪಲ್ಪ್ ಮಾಡಿದರೆ ಸುಮಾರು 40 ಕೆ.ಜಿ. ಹಸಿ ಸಿಪ್ಪೆಯೇ ಆಗುತ್ತದೆ. ಅದನ್ನು ತಿಪ್ಪೆಗೆ ಎಸೆಯುತ್ತೇವೆ. ಅಕಾಲದ ಮಳೆ ಬಂದರೆ ಅದರ ರಸ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ. ಗೊರೂರು ದಾಟಿ ಹೊಳೆನರಸೀಪುರದವರು ಕುಡಿಯುವುದೂ ಆ ಹೊಳೆಯ ನೀರನ್ನೇ.

ಬಾಬಾಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದರೆಂಬುದು ನಮ್ಮಲ್ಲಿನ ಪ್ರತೀತಿ. ಆ ಯೆಮನ್ನಿನ ಜನ ಕಾಫಿಯ ಒಣಸಿಪ್ಪೆಯನ್ನು ಶುಂಠಿಯೊಡನೆ ಕುದಿಸಿ ‘ಕಿಶ್ರ್’ ಎಂದು ಕುಡಿಯುತ್ತಾರೆ. ಬೀಜವೇನೋ ಬಂತು, ಸಿಪ್ಪೆಯ ಬಳಕೆ ಬರಲಿಲ್ಲ. (ಶುಂಠಿಗಂತೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.) ಈಗ ಇದನ್ನೇ ‘ಕಾಸ್ಕಾರ’ ಎಂಬ ಹೆಸರಿನಲ್ಲಿ ಪರದೇಶಗಳಲ್ಲಿ ಮಾರುತ್ತಾರೆ. ಐರೋಪ್ಯ ಒಕ್ಕೂಟ 2022ರ ಜನವರಿಯಲ್ಲಿ ಅರೇಬಿಕಾ, ರೋಬಸ್ಟಾ ಎರಡರ ಒಣಸಿಪ್ಪೆಯನ್ನೂ ಪಾನೀಯಕ್ಕೆ ಬಳಸಲು ಅನುಮತಿ ನೀಡಿದೆ. ಸಿಪ್ಪೆಯಲ್ಲಿ ನಾರಿನಂಶ, ಬಣ್ಣದ ದ್ರವ್ಯ, ಪೆಕ್ಟಿನ್, ಅಷ್ಟಿಷ್ಟು ಕೆಫೀನ್ ಇವೆ. ಇವನ್ನು ಬೇರ್ಪಡಿಸಿ ಆಹಾರಕ್ಕೆ ಬಳಸುವ ಬಗ್ಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಸಂಶೋಧನೆ ನಡೆಸಿದ್ದಾರೆ.

ಹಾಗೆಂದು ಸಾರ ತೆಗೆಯುವ ಯಂತ್ರಕ್ಕೆ ಸಂಘ ಈಗಲೇ ಸಾಲ ಮಾಡಬೇಕೆಂದು ನಾವು ಹೇಳುವುದಿಲ್ಲ. ಅದು ಎರಡು–ಮೂರು ಎಕರೆಯವರ ಕೈಗೆಟುಕುವ ಕೆಲಸವಲ್ಲ. ಚೊಕ್ಕವಾಗಿ ಒಣಗಿಸಿದ ಸಿಪ್ಪೆಯನ್ನು ಒಟ್ಟುಗೂಡಿಸಿ ಮಾರುವುದು ಮಾತ್ರ ನಮ್ಮಿಂದ ಸಾಧ್ಯ. ಅದೂ ಸುಲಭವೇನಲ್ಲ. ಹಸಿ ಸಿಪ್ಪೆ ಒಂದು ರಾತ್ರಿ ರಾಶಿಯಲ್ಲಿ ಕುಳಿತರೆ ಹುಳಿಯುತ್ತದೆ. ಬೂಷ್ಟು ಹಿಡಿದರೆ ಓಕ್ರಾಟಾಕ್ಸಿನ್ ಎಂಬ ವಿಷದ ಭಯ. 2021ರ ಜನವರಿಯ ಮಳೆಯಲ್ಲಿ ಕಣದ ಕಾಫಿಯನ್ನು ಉಳಿಸಿಕೊಳ್ಳಲು ಪಟ್ಟ ಪಾಡು ನೆನಪಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಪಲ್ಪ್ ಮಾಡಿದ ದಿನವೇ ತೆಳುವಾಗಿ ಮಂಚದ ಮೇಲೆ ಹರಡಬೇಕು, ನೆಲದ ಕಣ ಬೇಡ. 40 ಕೆ.ಜಿ. ಒಣಗಿ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಆಳಿನ ಕೂಲಿಯನ್ನು ಈ ಹತ್ತರ ಮೇಲೆಯೇ ಲೆಕ್ಕ ಹಾಕಬೇಕು.

ಇನ್ನೊಂದು ಮಾತು ಸಿಂಪರಣೆಯದು. ಬೀಜಕ್ಕೆ ಸಿಪ್ಪೆಯ ರಕ್ಷಣೆ ಇದೆ. ಸಿಪ್ಪೆಗೆ ಯಾವುದರ ರಕ್ಷಣೆ? ಹೊಡೆದ ಬೋರ್ಡೋ, ಕೀಟನಾಶಕ ಎಲ್ಲ ಮೊದಲು ಕೂರುವುದು ಅದರ ಮೇಲೆಯೇ. ತಿನ್ನುವ ಪದಾರ್ಥವೆಂದು ಮಾರುವವರು ಸಿಂಪರಣೆಯ ದಿನಾಂಕ ಬರೆದಿಡಲೇಬೇಕು, ಉಳಿಕೆಯ ಪರೀಕ್ಷೆಗೂ ಒಪ್ಪಬೇಕು. ಆಹಾರ ಸುರಕ್ಷತೆಯ ಪರವಾನಗಿಯನ್ನು ಸಂಘದ ಹೆಸರಿನಲ್ಲಿಯೇ ಪಡೆಯುವುದು ಮೇಲು.

ಸಿಪ್ಪೆ ಗೊಬ್ಬರವಲ್ಲವೆ ಎಂದು ಹಿರಿಯ ಸದಸ್ಯರು ಕೇಳುತ್ತಾರೆ. ನ್ಯಾಯವೇ. ಸಿಪ್ಪೆಯ ಜೊತೆ ತೋಟದ ಪೊಟ್ಯಾಷ್ ಕೂಡ ಹೊರಗೆ ಹೋಗುತ್ತದೆ. ಆದ್ದರಿಂದ ಉತ್ತಮ ಹಣ್ಣಿನ ಸಿಪ್ಪೆಯಲ್ಲಿ ಒಂದು ಪಾಲನ್ನಷ್ಟೇ ಒಣಗಿಸಿ, ಮಿಕ್ಕದ್ದನ್ನು ಸಗಣಿ ಸೇರಿಸಿ ಕಳಿಸಿ ಗಿಡದ ಬುಡಕ್ಕೇ ಹಾಕುವುದು ಒಳ್ಳೆಯದು.

ರೋಬಸ್ಟಾ ಚೆರಿ ಮಾರುವವರ ಸ್ಥಿತಿಯೇ ಬೇರೆ. 50 ಕೆ.ಜಿ. ಚೀಲದಲ್ಲಿ ಬೀಜ ಸುಮಾರು 26 ಕೆ.ಜಿ., ಉಳಿದದ್ದು ಹೊಟ್ಟು. ನಮಗೆ ದರ ಸಿಗುವುದು ಔಟ್‌ಟರ್ನ್ ಲೆಕ್ಕದಲ್ಲಿ, ಹೊಟ್ಟು ಕೊಂಡವರಿಗೇ ಉಳಿಯುತ್ತದೆ. ಇಂದು ಅದು ಹೆಚ್ಚಾಗಿ ಒಲೆಯ ಉರುವಲು. ನಾಳೆ ಅದಕ್ಕೂ ಬೆಲೆ ಬಂದರೆ ಆ ಬೆಲೆ ಯಾರದ್ದು? ದರದ ಮಾತುಕತೆಯಲ್ಲಿ ಈ ಪ್ರಶ್ನೆಯನ್ನು ಈಗಿನಿಂದಲೇ ಎತ್ತಬೇಕೆಂಬುದು ನಮ್ಮ ಅಭಿಪ್ರಾಯ.

ಬರುವ ಕೊಯ್ಲಿನಲ್ಲಿ ಪ್ರಯೋಗಕ್ಕೆ ಸಿದ್ಧರಿರುವ ಅರೇಬಿಕಾ ಬೆಳೆಗಾರರು ಸಿಂಪರಣೆಯ ವಿವರದೊಡನೆ ಕಚೇರಿಗೆ ಹೆಸರು ಕೊಡಬಹುದು. ಐದಾರು ಮಂದಿ ಮುಂದೆ ಬಂದರೆ ಮಂಚದ ಬಲೆಯನ್ನು ಒಟ್ಟಿಗೆ ತರಿಸೋಣ.