ಮಳೆಯಂಗಿ ಯಾರಿಗಾಗಿ?



ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ 1932ರಲ್ಲಿ ಬಾಬ್ ಗ್ರಹಾಂ 24 ಗಂಟೆಯೊಳಗೆ 42 ಶಿಖರಗಳನ್ನು ಹತ್ತಿಳಿದರು. ಇಂಥ ಸಾಹಸ ಕೇಳಿದರೆ ನಮಗೂ ನೀಲಗಿರಿಯ ಮಂಜಿನಲ್ಲಿ ಬರಿಗೈಲಿ ಓಡುವ ಹುಮ್ಮಸ್ಸು. ಅದು ತಪ್ಪು ಎಂದೇ ನಾವು ಹೇಳುತ್ತೇವೆ.

ಓಡುವಾಗ ಮೈ ಬಿಸಿಯಿರುತ್ತದೆ. ಕಾಲು ಉಳುಕಿ ಕೂತರೆ ಸಾಕು, ಒದ್ದೆ ಬಟ್ಟೆಗೆ ಗಾಳಿ ಬಡಿದು ಬೇಗನೆ ನಡುಕ ಹಿಡಿಯುತ್ತದೆ. ಅದಕ್ಕೇ ಅಲ್ಲಿನ ಅನುಭವಿ ಓಟಗಾರರು ಚಳಿಗಾಲದ ತರಬೇತಿಗೂ ಮಳೆಯಂಗಿ, ಟೋಪಿ, ಕೈಗವಸು, ನಕ್ಷೆ, ದಿಕ್ಸೂಚಿ, ಸೀಟಿ ಒಯ್ಯುತ್ತಾರೆ. ಅದನ್ನು ಭಾರ ಎನ್ನಬೇಡಿ. ಬಿದ್ದ ಗೆಳೆಯನಿಗೆ ಹೊದಿಸಲು ಆ ಅಂಗಿಯೇ ಬೇಕು.

ಮಂಜು ಕವಿದರೆ ಹಿಂದಿರುಗೋಣ, ಅದು ಸೋಲಲ್ಲ. ಒಬ್ಬೊಬ್ಬರೇ ಹೋಗುವುದು ಬೇಡ. ಎಲ್ಲರಿಗಿಂತ ಹಿಂದೆ ಬರುವವರ ವೇಗವೇ ನಮ್ಮೆಲ್ಲರ ವೇಗವಾಗಲಿ.