ಬಾಲ ಹರಿದ ಫೈಟರ್ ಮೀನಿಗೆ ನೀಲಿ ಮದ್ದೇಕೆ?

‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುವ ಮಾತನ್ನು ಶಿವಮೊಗ್ಗದವರು ಕೊಂಚ ಜಂಬದಿಂದಲೇ ಹೇಳುತ್ತಾರೆ. ಜಂಬ ಪಡುವಂಥ ರುಚಿಯೇ ಅದು. ಆದರೆ ಅದೇ ತುಂಗೆ ನಲ್ಲಿಗೆ ಬರುವಾಗ ಕ್ಲೋರಿನ್ ಹೊತ್ತು ಬರುತ್ತಾಳೆ, ಬರಲೇಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯನ ಹೊಟ್ಟೆಯನ್ನು ಕಾಯುವ ಈ ಕ್ಲೋರಿನ್ನೇ ಮೀನಿನ ಕಿವಿರನ್ನು ಸುಡುತ್ತದೆ.

ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲಿ ಫೈಟರ್ ಮೀನಿನ ಕಥೆ ಹೆಚ್ಚುಕಮ್ಮಿ ಒಂದೇ ಥರ ನಡೆಯುತ್ತದೆ. ಮಗುವಿನ ಹಟಕ್ಕೆ ನೀಲಿಯದೋ ಕೆಂಪಿನದೋ ಒಂದು ಮೀನು ಪ್ಲಾಸ್ಟಿಕ್ ಲೋಟದಲ್ಲಿ ಮನೆಗೆ ಬಂದು, ಟಿ.ವಿ. ಪಕ್ಕದ ಗಾಜಿನ ಬೌಲ್ ಸೇರುತ್ತದೆ. ಮೂರನೇ ವಾರಕ್ಕೆ ಬಾಲದ ಅಂಚು ನವೆದ ಸೆರಗಿನಂತಾಗುತ್ತದೆ. ಅಂಗಡಿಗೆ ಹೋಗಿ ಮೊಬೈಲಿನಲ್ಲಿ ಫೋಟೊ ತೋರಿಸಿದರೆ, ‘ಫಿನ್ ರಾಟ್ ಸಾರ್, ಇದು ಎರಡು ಹನಿ ಹಾಕಿ’ ಎಂಬ ಮಾತಿನ ಜೊತೆ ಮೆಥಿಲೀನ್ ಬ್ಲೂ ಬಾಟಲಿ ಕೈಗೆ ಬರುತ್ತದೆ. ಆಮೇಲೆ ನೀರು ನೀಲಿ, ಬೆರಳು ನೀಲಿ, ಟೇಬಲ್ ಬಟ್ಟೆಯೂ ನೀಲಿ. ನೀರು ಹೇಗಿದೆ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ತಕರಾರು ಇರುವುದೇ ಇಲ್ಲಿ. ಮೀನು ಮಾರುವ ಅಂಗಡಿ ಮದ್ದು ಕೊಡುವ ಮೊದಲು ನೀರು ಪರೀಕ್ಷಿಸಬೇಕು. ಆ ನೀಲಿ ಮದ್ದು ಬೂಷ್ಟಿಗೆ, ಕೆಲವು ಪರಾವಲಂಬಿ ಜೀವಿಗಳಿಗೆ ಸರಿ. ಫಿನ್ ರಾಟ್, ಅಂದರೆ ರೆಕ್ಕೆಯ ಕೊಳೆರೋಗ ತರುವ ಬ್ಯಾಕ್ಟೀರಿಯಾದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸಾಲದ್ದಕ್ಕೆ, ನೀರನ್ನು ಹದವಾಗಿಡುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ.

‘ಫೈಟರ್‌ಗೆ ಲೋಟ ಸಾಕು, ಅದು ಗದ್ದೆ ಮೀನು’ ಎಂಬ ವಾದ ಬೇರೆ ಇದೆ. ಗದ್ದೆ ಮೀನು ಹೌದು. ಇದು ಥಾಯ್ಲೆಂಡಿನದು. ಅಲ್ಲಿ ಇದಕ್ಕೆ ‘ಪ್ಲಾ ಕಟ್’, ಅಂದರೆ ಕಚ್ಚುವ ಮೀನು ಎಂದು ಹೆಸರು. 2019ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ನಮ್ಮ ಕೆರೆಯ ಕೊರವ ಮೀನಿನ ಹಾಗೆ ಇದೂ ಮೇಲೆ ಬಂದು ಗಾಳಿ ಗುಟುಕರಿಸಬಲ್ಲದು, ಅದಕ್ಕೇ ಲೋಟದಲ್ಲೂ ಸಾಯದೆ ಉಳಿಯುತ್ತದೆ. ಆದರೆ ಗದ್ದೆಯ ನೀರಿಗೆ ಆಳವಿಲ್ಲದಿದ್ದರೂ ಅದು ಎಕರೆಗಟ್ಟಲೆ ಹರಡಿರುತ್ತದೆ, ಲೋಟದ್ದು ಅರ್ಧ ಲೀಟರ್. ಮೀನು ಕಿವಿರಿನಿಂದ ಹೊರಬಿಡುವ ಅಮೋನಿಯಾ ಅಷ್ಟರಲ್ಲೇ ಸುತ್ತುತ್ತಿರುತ್ತದೆ. ಗಾಳಿ ಮೇಲಿನಿಂದ ಸಿಕ್ಕರೂ ಅಮೋನಿಯಾದಿಂದ ಪಾರಾಗುವ ದಾರಿಯಿಲ್ಲ. ಅಂದಹಾಗೆ, ಗಂಡು ನೀರಿನ ಮೇಲೆ ನೊರೆಗೂಡು ಕಟ್ಟಿದರೆ ಮೀನು ಖುಷಿಯಾಗಿದೆ ಎನ್ನುತ್ತಾರಲ್ಲ, ಅದನ್ನೂ ನಂಬಬೇಕಿಲ್ಲ. ಕೆಟ್ಟ ನೀರಿನಲ್ಲೂ ಅದು ಗೂಡು ಕಟ್ಟುತ್ತದೆ.

ಬಾಲ ಹರಿದಿದ್ದೆಲ್ಲ ಕೊಳೆರೋಗವಲ್ಲ. ಕಡ್ಡಿಗಳ ನಡುವೆ ನೇರವಾಗಿ ಸೀಳಿದ್ದು, ಅಂಚಿನ ಬಣ್ಣ ಕೆಡದೆ, ಮೀನು ಎಂದಿನಂತೆ ತಿನ್ನುತ್ತಿದ್ದರೆ ಪ್ಲಾಸ್ಟಿಕ್ ಗಿಡದ ಮೇಲೆ ಅನುಮಾನ ಪಡಬೇಕು. ಹಳೆಯ ದುಪಟ್ಟಾದ ತುದಿಯನ್ನು ಆ ಗಿಡದ ಮೇಲೆ ಎಳೆದು ನೋಡಿ. ಬಟ್ಟೆ ಸಿಕ್ಕಿಕೊಂಡರೆ ಬಾಲವೂ ಸಿಕ್ಕಿಕೊಂಡಿರುತ್ತದೆ. ಬೆಳಿಗ್ಗೆ ತುಂಬಿಕೊಂಡಿದ್ದ ಬಾಲದಲ್ಲಿ ಸಂಜೆಗೆ ಅರ್ಧಚಂದ್ರಾಕಾರದ ತುಂಡು ಕಾಣೆಯಾಗಿದ್ದರೆ, ಮೀನು ತಾನೇ ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಭಾರದ ಬಾಲದ ಹಾಫ್‌ಮೂನ್ ತಳಿಯಲ್ಲಿ ಇದು ಮಾಮೂಲು. ಫಿಲ್ಟರಿನ ಜೋರು ಸೆಳೆತವೋ ಗಾಜಿನಲ್ಲಿ ಕಾಣುವ ತನ್ನದೇ ಬಿಂಬವೋ ಅದನ್ನು ಕೆರಳಿಸಿರಬಹುದು. ಕೆಟ್ಟ ನೀರು ತರುವ ನಿಜವಾದ ಕೊಳೆತ ನಿಧಾನವಾಗಿ ಬರುತ್ತದೆ. ದಿನದಿನಕ್ಕೂ ಅಂಚು ಹಿಂದೆ ಸರಿಯುತ್ತದೆ, ಕಪ್ಪಾಗಿಯೋ ಕೆಂಪಾಗಿಯೋ ಬಿಳಚಿಕೊಂಡೋ ಕಾಣುತ್ತದೆ, ಮೀನು ಮಂಕಾಗುತ್ತದೆ. ಒಂದೇ ಬೆಳಕಿನಲ್ಲಿ ದಿನಕ್ಕೊಂದು ಫೋಟೊ ತೆಗೆದಿಟ್ಟರೆ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ಎಡವಟ್ಟೂ ಆಗುತ್ತದೆ. ವಾಸಿಯಾಗುವಾಗ ಬಾಲದ ತುದಿಯಲ್ಲಿ ಬಣ್ಣವಿಲ್ಲದ, ಗಾಜಿನಂಥ ತೆಳು ಪೊರೆ ಮೂಡುತ್ತದೆ. ಅದು ಹೊಸ ಚಿಗುರು. ಅದನ್ನೇ ಬಿಳಿ ಬೂಷ್ಟು ಎಂದುಕೊಂಡು ಮತ್ತೆ ಬಾಟಲಿ ಎತ್ತುವವರು ಕಡಿಮೆಯಿಲ್ಲ.

ಈ ತಪ್ಪಿನಲ್ಲಿ ಅಂಗಡಿಯವರಷ್ಟೇ ಪಾಲು ಮನೆಯವರದೂ ಇದೆ, ಅದೂ ಭಾನುವಾರಗಳಲ್ಲಿ. ಟ್ಯಾಂಕ್ ಪೂರ್ತಿ ಬರಿದು ಮಾಡಿ, ಕಲ್ಲು, ಸ್ಪಂಜು ಎಲ್ಲವನ್ನೂ ನಲ್ಲಿಯಡಿ ತಿಕ್ಕಿ ಫಳಫಳ ಹೊಳೆಯಿಸುತ್ತಾರೆ. ಮನೆ ತೊಳೆಯುವ ಶಿಸ್ತೇ ಮೀನಿಗೆ ಮುಳುವಾಗುತ್ತದೆ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಂಜಿನ ಜಿಡ್ಡಿನಲ್ಲಿ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿಯ ಕ್ಲೋರಿನ್ ಅವನ್ನು ಹಾಳುಗೆಡವಬಲ್ಲದು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು. 20 ಲೀಟರಿನ ಟ್ಯಾಂಕಿಗೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಹೊಸ ನೀರನ್ನು ಬಾಯಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟಿರಬೇಕು, ಇಲ್ಲವೇ ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಹನಿ ಹಾಕಬೇಕು.

ಭದ್ರಾವತಿಯಲ್ಲಾಗಲಿ ಶಿವಮೊಗ್ಗದ ಹೊಸ ಬಡಾವಣೆಗಳಲ್ಲಾಗಲಿ ಬೋರ್‌ವೆಲ್ ನೀರು ಬಳಸುವವರು ಪಿಎಚ್ ಕೂಡ ನೋಡಬೇಕು. ಪಿಎಚ್ 7ರಿಂದ 8ಕ್ಕೆ ಏರಿದರೆ, ಅಷ್ಟೇ ಅಮೋನಿಯಾದಲ್ಲಿ ವಿಷವಾಗುವ ಪಾಲು ಸುಮಾರು ಒಂಬತ್ತು ಪಟ್ಟಾಗುತ್ತದೆ. ಮೀನು ಸೊರಗಲು ಜನವರಿಯ ರಾತ್ರಿಯ ಚಳಿಯೂ ಒಂದು ಕಾರಣ. ಫೈಟರ್‌ಗೆ 24ರಿಂದ 28 ಡಿಗ್ರಿ ಬೇಕು, ಹೀಟರಿಲ್ಲದ ಬೌಲ್ ಆಗ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮನುಷ್ಯನನ್ನು ಬಿಟ್ಟು ಜೀವವಿರುವ ಎಲ್ಲವನ್ನೂ ಪ್ರಾಣಿ ಎಂದೇ ಕರೆಯುತ್ತದೆ, ಮೀನೂ ಅದರೊಳಗೆ ಬಂತು. ಕಾಯ್ದೆಯ ಹೆಸರು ಹೇಳಿ ಅಂಗಡಿಯವರನ್ನು ಹೆದರಿಸಬೇಕಿಲ್ಲ. ಗಲ್ಲಾದ ಪಕ್ಕ ಒಂದು ಅಮೋನಿಯಾ ಟೆಸ್ಟ್ ಕಿಟ್ ಇಟ್ಟು, ಮದ್ದು ಕೇಳಿ ಬಂದವರಿಗೆ ‘ಮೊದಲು ಟ್ಯಾಂಕಿನ ನೀರು ಒಂದು ಬಾಟಲಿ ತನ್ನಿ’ ಎಂದರೆ ಸಾಕು. ಗಾಜಿನ ನಳಿಕೆಗೆ 5 ಮಿಲಿಲೀಟರ್ ನೀರು, ಅದಕ್ಕೆ ಕೆಲವು ಹನಿ ದ್ರಾವಣ, ಐದು ನಿಮಿಷದ ಕಾಯುವಿಕೆ. ಹಳದಿಯಾಗಿಯೇ ಉಳಿದರೆ ಪ್ಲಾಸ್ಟಿಕ್ ಗಿಡ, ಫಿಲ್ಟರಿನ ಸೆಳೆತದ ವಿಚಾರಣೆ ನಡೆಯಲಿ. ಹಸಿರಿಗೆ ತಿರುಗಿದರೆ ನೀಲಿ ಬಾಟಲಿ ಕಪಾಟಿನಲ್ಲೇ ಇರಲಿ, ಬಂದವರು ಮನೆಗೆ ಹೋಗಿ ಬಕೆಟ್ ಹುಡುಕಲಿ.